ಹಿಂದಿನ ರೂಮಿಗೆ ವೈಫೈ ಬರ್ತಿಲ್ಲ, ರಿಪೀಟರ್ ತಗೊಳ್ಲಾ?

ಪ್ರಶ್ನೆ: ಸರ್ ನಮಸ್ತೆ. ನಮ್ದು ಸಾಗರ ತಾಲೂಕಿನ ಹಳ್ಳಿ, ಅಜ್ಜನ ಕಾಲದ ಮಣ್ಣಿನ ಗೋಡೆ ಮನೆ, ಗೋಡೆ ಒಂದೂವರೆ ಅಡಿ ದಪ್ಪ ಇದೆ. ಹೋದ ವರ್ಷ ಫೈಬರ್ ಹಾಕಿಸಿದ್ವಿ, 100 ಎಂಬಿಪಿಎಸ್ ಪ್ಲಾನು. ಬಾಕ್ಸು ಜಗಲಿಲಿ ಟಿವಿ ಹಿಂದೆ ಕೂರಿಸಿದಾರೆ. ಜಗಲಿಲಿ ಚೆನ್ನಾಗೇ ಬರುತ್ತೆ, ನಡುಮನೆ ದಾಟಿ ಹಿಂದಿನ ಉಪ್ಪರಿಗೆ ರೂಮಿಗೆ ಹೋದ್ರೆ ಒಂದೇ ಕಡ್ಡಿ, ಒಮ್ಮೊಮ್ಮೆ ಅದೂ ಇಲ್ಲ. ಮಗಳು ಬೆಂಗಳೂರು ಕಂಪನಿ ಕೆಲ್ಸ ಮನೆಯಿಂದ್ಲೇ ಮಾಡ್ತಾಳೆ, ಮೀಟಿಂಗಲ್ಲಿ ಮಾತು ಕಟ್ಟಾಗಿ ಕಟ್ಟಾಗಿ ಪಾಪ ಮೊನ್ನೆ ಜಗಲಿ ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಕೂತಿದ್ಲು, ಎದುರಿಗೆ ಅಡಿಕೆ ಸುಲಿಯೋರ ಮಾತುಕತೆ ಬೇರೆ. ಕಂಪ್ಲೇಂಟ್ ಕೊಟ್ಟಿದ್ಕೆ ಬಂದವ್ರು ಲೈನ್ ಸರಿ ಇದೆ ಅಂದು ಹೋದ್ರು. ಅಂಗಡಿಯವ್ರು 1500 ರೂಪಾಯಿದು ರಿಪೀಟರ್ (ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸೋ ಡಬ್ಬಿ) ಹಾಕಿ ಅಂತಾರೆ. ತಗೊಳ್ಲಾ?

ಉತ್ತರ (ಫೈಬರ್, ಲ್ಯಾನ್ ಕೆಲ್ಸ ಮಾಡೋ ಟೆಕ್ನಿಷಿಯನ್): ಈಗ್ಲೇ ತಗೊಳ್ಬೇಡಿ ಸರ್. ಹಾಗೆ ತಗೊಂಡು ಕಪಾಟಿಗೆ ಸೇರಿದ ರಿಪೀಟರ್ ಎಷ್ಟೋ ಮನೇಲಿ ನೋಡಿದೀನಿ, ದುಡ್ಡು ಹೋಗೋದು ನೋಡಿದ್ರೆ ಬೇಜಾರಾಗುತ್ತೆ. ಮೊದ್ಲು ತೊಂದ್ರೆ ಲೈನಲ್ಲಿದ್ಯಾ ಗಾಳಿಲಿದ್ಯಾ, ಅಂದ್ರೆ ವೈಫೈಲಿದ್ಯಾ ಅಂತ ಬೇರೆ ಮಾಡ್ಕೊಳ್ಳೋಣ. ಬಾಕ್ಸಲ್ಲಿ ಪಾನ್ (PON) ಅಂತ ಬರೆದಿರೋ ದೀಪ ಮಿನುಗದೆ ಹಸಿರಾಗಿ ನಿಂತಿರ್ಬೇಕು, ಎಲ್‌ಒಎಸ್ ಕೆಂಪಗೆ ಮಿನುಗ್ತಿದ್ರೆ ಫೈಬರಲ್ಲಿ ಬೆಳಕೇ ಸರಿಯಾಗಿ ಬರ್ತಿಲ್ಲ ಅಂತ. ಆಮೇಲೆ ಲ್ಯಾಪ್‌ಟಾಪಿಗೆ ಬಾಕ್ಸಿಂದ ನೇರ ಲ್ಯಾನ್ ಕೇಬಲ್ ಹಾಕಿ, ವೈಫೈ ಆಫ್ ಮಾಡಿ ಸ್ಪೀಡ್ ಟೆಸ್ಟ್ ಮಾಡಿ.

ಇನ್ನೊಂದು, ಕಡ್ಡಿ ಲೆಕ್ಕ ನಂಬ್ಬೇಡಿ, ಒಂದೊಂದು ಮೊಬೈಲು ಒಂದೊಂದು ಥರ ತೋರಿಸುತ್ತೆ. ವೈಫೈ ಅನಲೈಜರ್ ಥರದ ಆಪ್ ಹಾಕಿದ್ರೆ ಡಿಬಿಎಂ ಅಂತ ಮೈನಸ್ ನಂಬರ್ ಬರುತ್ತೆ, ಅದು ಸಿಗ್ನಲ್ ಎಷ್ಟು ಜೋರಿದೆ ಅನ್ನೋ ಅಳತೆ. ಸೊನ್ನೆಗೆ ಹತ್ರ ಇದ್ದಷ್ಟೂ ಒಳ್ಳೇದು. ಬಾಕ್ಸ್ ಹತ್ರ ಮೈನಸ್ 40 ಆಸುಪಾಸು, ವಿಡಿಯೋ ಕಾಲಿಗೆ ಮೈನಸ್ 67ರ ತನಕ ಆರಾಮು, 80 ದಾಟಿದ್ರೆ ಕಷ್ಟ. ಜಗಲಿ, ನಡುಮನೆ, ಉಪ್ಪರಿಗೆ, ಮೂರೂ ಕಡೆ ನಿಂತು ನೋಡಿ ಬರ್ಕೊಳ್ಳಿ.

ಪ್ರಶ್ನೆ ಕೇಳಿದವರು: ನೋಡ್ದೆ ಸರ್. ಪಾನ್ ಹಸಿರೇ ಇದೆ. ಕೇಬಲಲ್ಲಿ 94 ಬಂತು. ಜಗಲಿಲಿ ಮೈನಸ್ 41, ನಡುಮನೇಲಿ 66, ಉಪ್ಪರಿಗೇಲಿ 84, ಅಲ್ಲಿ ಸ್ಪೀಡು 2 ಬಂದ್ರೆ ಹೆಚ್ಚು.

ಉತ್ತರ: ಹಾಗಾದ್ರೆ ಬಂದವ್ರು ಹೇಳಿದ್ದು ನಿಜ, ಲೈನ್ ಸರಿಯಾಗೇ ಇದೆ. ಆದ್ರೆ ಅಷ್ಟು ಹೇಳಿ ಹೋಗ್ಬಾರ್ದಿತ್ತು, ನಿಮಗೆ ಬೇಕಾಗಿದ್ದು ಉಪ್ಪರಿಗೇಲಿ ನೆಟ್ಟು ತಾನೆ. ಈ ನಂಬರು 3 ಇಳಿದ್ರೆ ಸಿಗ್ನಲ್ ಅರ್ಧ ಆಯ್ತು ಅಂತ ಲೆಕ್ಕ. ನಡುಮನೆ ಮೈನಸ್ 66ರಿಂದ ಉಪ್ಪರಿಗೆ ಮೈನಸ್ 84ಕ್ಕೆ 18 ಇಳಿದಿದೆ, ಅಂದ್ರೆ ಆರು ಸಲ ಅರ್ಧ, 64ರಲ್ಲಿ ಒಂದು ಪಾಲು ಉಳೀತು. ಮಣ್ಣಿನ ಗೋಡೆ ಒಂದು, ಮುಚ್ಚಿಗೆ ಹಲಗೆ ಮೇಲೆ ಹಾಕಿರೋ ಮಣ್ಣು ಇನ್ನೊಂದು, ಎರಡೂ ತಿಂತಿವೆ. ಮಳೆಗಾಲದಲ್ಲಿ ಗೋಡೆ ಥಂಡಿ ಹಿಡಿದ್ರೆ ಇನ್ನೂ ಜಾಸ್ತಿ, ನೀರು ಈ ಸಿಗ್ನಲ್‌ನ ಹೀರುತ್ತೆ. ವೈಫೈಲಿ 2.4, 5 ಗಿಗಾಹರ್ಟ್ಸ್ ಅಂತ ಎರಡು ಥರದ ಅಲೆ ಇರುತ್ತೆ, 5 ಇಂಥ ಗೋಡೆ ದಾಟೋದು ಬಹಳ ಕಷ್ಟ, 2.4 ಸ್ವಲ್ಪ ವಾಸಿ.

ಈಗ ರಿಪೀಟರ್ ವಿಷ್ಯ. ಉಪ್ಪರಿಗೇಲಿಟ್ರೆ ಅದಕ್ಕೂ ಸಿಗೋದು ಅದೇ ಸೋತ ಸಿಗ್ನಲ್ಲು. ಮೊಬೈಲಲ್ಲಿ ಕಡ್ಡಿ ಫುಲ್ ಬರುತ್ತೆ, ನೆಟ್ ಮಾತ್ರ ಓಡಲ್ಲ. ನಡುಮನೇಲಿಟ್ರೆ ಅದಕ್ಕೆ ಸಿಗುತ್ತೆ, ಆದ್ರೆ ಮುಂದಿನ ಗೋಡೆ ಮುಚ್ಚಿಗೆ ಅಲ್ಲೇ ಇದೆಯಲ್ಲ, ಜೊತೆಗೆ ಕಮ್ಮಿ ರೇಟಿನ ರಿಪೀಟರ್ ಒಂದೇ ರೇಡಿಯೋದಲ್ಲಿ ಕೇಳಿಸ್ಕೊಂಡು ಅದ್ರಲ್ಲೇ ಹೇಳ್ಬೇಕು, ಅಲ್ಲೇ ಸ್ಪೀಡು ಅರ್ಧಕ್ಕೆ ಬರುತ್ತೆ.

ಇಂಥ ಮನೆಗೆ ನಾನು ಹೇಳೋದು ಒಂದೇ, ಲ್ಯಾನ್ ಕೇಬಲ್ ಎಳೀರಿ. ಕ್ಯಾಟ್ 6 ಅನ್ನೋ ಥರದ್ದು ತಗೊಳ್ಳಿ, 100 ಮೀಟರ್ ತನಕ ತೊಂದ್ರೆ ಇಲ್ಲ, ನಿಮ್ಗೆ 25 ಸಾಕಾಗ್ಬಹುದು. ಪೂರ್ತಿ ತಾಮ್ರದ್ದೇ ಕೇಳಿ, ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದಿರೋದು ಕಮ್ಮಿಗೆ ಸಿಗುತ್ತೆ, ಬೇಡ. ಆ ತುದಿಗೆ ಹಳೇ ರೌಟರ್ ಇದ್ರೆ ಅದೇ ಸಾಕು. ಬಾಕ್ಸನ್ನೂ ಟಿವಿ ಹಿಂದಿಂದ ಈಚೆ ತಂದು ಎತ್ತರದಲ್ಲಿಡಿ, ಆದ್ರೆ ಫೈಬರ್ ಎಳೀಬೇಡಿ, ಕೈಬಳೆಗಿಂತ ಸಣ್ಣ ಸುರುಳಿ ಸುತ್ತಿದ್ರೆ ಬೆಳಕು ಸೋರಿಹೋಗುತ್ತೆ.

ಇನ್ನೊಬ್ಬರು: ಸರ್ ನಾನು ಬೆಂಗಳೂರು, ಅಪಾರ್ಟ್‌ಮೆಂಟು. ರೌಟರ್ ಪಕ್ಕದಲ್ಲೇ ಕೂತ್ಕೋತೀನಿ, ಸಿಗ್ನಲ್ ಫುಲ್ಲು, ಆದ್ರೂ ಸಾಯಂಕಾಲ ಆದ್ರೆ ಸುತ್ತುತ್ತಾ ಇರುತ್ತೆ. ನನಗೂ ಕೇಬಲ್ಲಾ?

ಉತ್ತರ: ನಿಮ್ದು ಬೇರೆ ಕಾಯಿಲೆ ಮೇಡಂ. ಸಾಯಂಕಾಲ ಒಮ್ಮೆ ಕೇಬಲಲ್ಲಿ ಸ್ಪೀಡ್ ನೋಡಿ, ಅಲ್ಲೂ ಕಮ್ಮಿ ಬಂದ್ರೆ ಕಂಪನಿಯವ್ರನ್ನೇ ಕೇಳ್ಬೇಕು. ಕೇಬಲಲ್ಲಿ ಸರಿ ಬಂದ್ರೆ ಬಹುಶಃ ಅಕ್ಕಪಕ್ಕದ ಮನೆಗಳ ವೈಫೈ ಎಲ್ಲಾ ಒಂದೇ ಚಾನೆಲಲ್ಲಿ (ವೈಫೈ ಓಡಾಡೋ ದಾರಿ) ಕಿತ್ತಾಡ್ತಿದಾವೆ ಅಂತ. 2.4ರಲ್ಲಿ ಒಂದರ ಮೇಲೊಂದು ಬೀಳದೆ ಇರೋದು 1, 6, 11 ಮೂರೇ ಚಾನೆಲ್ಲು. ಹತ್ರ ಕೂರೋರು 5 ಗಿಗಾಹರ್ಟ್ಸಿಗೆ ಹೋಗಿ, ಎರಡಕ್ಕೂ ಬೇರೆ ಹೆಸರಿಟ್ರೆ ನೀವೇ ಆರಿಸ್ಕೋಬಹುದು.

ಪ್ರಶ್ನೆ ಕೇಳಿದವರು: ಸರ್ ಕೇಬಲ್ ಎಳೆದು ಹಳೇ ರೌಟರ್ ಹಾಕ್ದೆ. ಈಗ ಮೊಬೈಲು ಕನೆಕ್ಟ್ ಆಗುತ್ತೆ ಆದ್ರೆ ನೋ ಇಂಟರ್ನೆಟ್ ಅನ್ನುತ್ತೆ, ಜಗಲಿಲಿ ಚೆನ್ನಾಗಿದ್ದ ಟಿವಿನೂ ಒಮ್ಮೊಮ್ಮೆ ನಿಲ್ತಿದೆ. ಮನೇಲೆಲ್ಲ ನನ್ನೇ ನೋಡ್ತಿದಾರೆ.

ಉತ್ತರ: ಗಾಬರಿ ಬೇಡ, ಕೆಟ್ಟಿಲ್ಲ ಏನೂ. ಎರಡೂ ಬಾಕ್ಸು ಮೊಬೈಲು ಟಿವಿಗೆಲ್ಲ ಅಡ್ರೆಸ್ (ಗುರುತಿನ ನಂಬರು) ಹಂಚ್ತಾ ಇವೆ, ಹಳೇದರ ಹತ್ರ ತಗೊಂಡವ್ರಿಗೆ ಹೊರಗೆ ಹೋಗೋ ದಾರಿ ಗೊತ್ತಿಲ್ಲ. ಕೇಬಲ್ ಬಿಚ್ಚಿಟ್ಟು ಮೊಬೈಲಿಂದ ಹಳೇ ರೌಟರ್ ಸೆಟ್ಟಿಂಗ್ ಒಳಗೆ ಹೋಗಿ. ಜಗಲಿ ಬಾಕ್ಸು 192.168.1.1 ಇದ್ರೆ ಇದಕ್ಕೆ 192.168.1.2 ಕೊಡಿ, ಅಡ್ರೆಸ್ ಹಂಚೋ ಡಿಎಚ್‌ಸಿಪಿ ಅನ್ನೋದನ್ನ ಆಫ್ ಮಾಡಿ, ವೈಫೈ ಹೆಸರು ಪಾಸ್‌ವರ್ಡ್ ಜಗಲಿದೇ ಕೊಡಿ, ಚಾನೆಲ್ ಮಾತ್ರ ಬೇರೆ. ಸೇವ್ ಮಾಡಿ ಆಮೇಲೆ ಕೇಬಲ್ ಹಾಕಿ, ವ್ಯಾನ್ (WAN) ಅಂತ ಬರೆದಿರೋ ತೂತಿಗಲ್ಲ, ಲ್ಯಾನ್ (LAN) ತೂತಿಗೆ. ಎರಡೂ ಒಮ್ಮೆ ಆಫ್ ಮಾಡಿ ಆನ್ ಮಾಡಿ.

ಪ್ರಶ್ನೆ ಕೇಳಿದವರು: ಬಂತು ಸರ್!! ಉಪ್ಪರಿಗೇಲಿ ಮೈನಸ್ 45, ಸ್ಪೀಡು 60 ಮೇಲೆ. ಮಗಳು ಬೆಳಗ್ಗೆ ಎರಡು ಗಂಟೆ ಮೀಟಿಂಗು ಮೇಲೇ ಕೂತು ಮಾಡಿದ್ಲು, ಒಂದ್ಸಲನೂ ಕಟ್ಟಾಗ್ಲಿಲ್ಲ. ನಿಮ್ಮ ಉಪಕಾರ ಮರೆಯಲ್ಲ. ಕೇಬಲ್ ಸೂರಿನ ಕೆಳಗೆ ಹೊರಗಿಂದ ತಂದಿದೀನಿ, ನಡಿಯುತ್ತಲ್ಲ?

ಉತ್ತರ: ತುಂಬಾ ಖುಷಿ ಆಯ್ತು ಸರ್. ಆದ್ರೆ ಕೇಬಲ್ ಹೊರಗೆ ಬೇಡ, ಮಳೆಗಾಲದ ಮೊದ್ಲು ಒಳಗಿಂದ ಮಾಡ್ಕೊಳ್ಳಿ. ತಾಮ್ರ ಅದು, ಹತ್ರ ಎಲ್ಲೋ ಸಿಡಿಲು ಬಡಿದ್ರೂ ಅದ್ರಲ್ಲಿ ಕರೆಂಟ್ ಹುಟ್ಟಿ ಎರಡೂ ತುದಿ ಬಾಕ್ಸು ಸುಟ್ಟುಹಾಕ್ಬಹುದು. ಮೋಡ ಕವಿಯೋವಾಗ್ಲೇ, ಗುಡುಗು ಕೇಳೋ ಮೊದ್ಲೇ ಎರಡರ ಅಡಾಪ್ಟರೂ ಲ್ಯಾನ್ ಕೇಬಲ್ಲೂ ತೆಗೆದಿಡಿ. ಸ್ವಿಚ್ ಆಫ್ ಮಾಡಿದ್ರೆ ಸಾಲ್ದು, ಪಿನ್ನೇ ಕಿತ್ತಿಡ್ಬೇಕು. ಗುಡುಗು ಶುರುವಾದ್ಮೇಲೆ ನೆನಪಾದ್ರೆ ಮಾತ್ರ ಹೋಗಿ ಮುಟ್ಬೇಡಿ, ಬಾಕ್ಸ್ ಹೋದ್ರೆ ಹೋಗ್ಲಿ. ಇದನ್ನ ಮಗಳಿಗೂ ಹೇಳಿಡಿ, ಮೀಟಿಂಗ್ ಮಧ್ಯ ಇದ್ರೂ ಸರಿ.