ಐದನೇ ಸೆಮ್ ಫಿಸಿಕ್ಸ್‌ಗೆ ಮೊದಲು ರಜೆಯಲ್ಲಿ ಏನು ಓದಿಕೊಳ್ಳಲಿ?

ಹಿಂದಿನ_ಬೆಂಚು:
ಬಿಎಸ್ಸಿ ನಾಲ್ಕನೇ ಸೆಮ್ ಮುಗಿದಿದೆ. ಮುಂದೆ ಕ್ಲಾಸಿಕಲ್ ಮೆಕ್ಯಾನಿಕ್ಸ್, ಕ್ವಾಂಟಮ್, ಆಮೇಲೆ ಎಲೆಕ್ಟ್ರೋಡೈನಮಿಕ್ಸ್. ರಜೆ ಆರು ವಾರ, ದಿನಕ್ಕೆ ಎರಡು ತಾಸು ಕೂರಬಲ್ಲೆ. ಕ್ವಾಂಟಮ್ ಪುಸ್ತಕವನ್ನೇ ಹಿಡಿಯಲೋ, ಗಣಿತ ಮೊದಲೋ? ಇಂಟಿಗ್ರೇಷನ್ ಪರವಾಗಿಲ್ಲ, ಮ್ಯಾಟ್ರಿಕ್ಸ್ ಪಿಯುಸಿಯಲ್ಲೇ ನಿಂತಿದೆ. ಪೈಥಾನ್ ಬೇಕಾ?

ಕಾಂಜುಗೇಟ್:
ಗಣಿತ ಮೊದಲು. ಎರಡು ವಾರ ಮ್ಯಾಟ್ರಿಕ್ಸ್‌ಗೇ ಕೊಡಿ. 2×2 ಸಾಕು, ಆದರೆ ಒಳಗೆ ಕಾಂಪ್ಲೆಕ್ಸ್ ಸಂಖ್ಯೆ ಇರಲಿ. ಪೌಲಿಯ ವೈ ಮ್ಯಾಟ್ರಿಕ್ಸ್ ತಗೊಳ್ಳಿ: ಮೇಲಿನ ಸಾಲು 0, −ಐ, ಕೆಳಗಿನದು ಐ, 0 (ಐ ಅಂದರೆ √−1). ಐಗನ್ ಮೌಲ್ಯ (ಮ್ಯಾಟ್ರಿಕ್ಸ್ ತನ್ನ ವಿಶೇಷ ವೆಕ್ಟರನ್ನು ಎಷ್ಟು ಪಟ್ಟು ಮಾಡುತ್ತೆ ಅನ್ನೋ ಸಂಖ್ಯೆ) +1, −1. +1ರ ವೆಕ್ಟರ್ (1, ಐ). ಅದರ ಉದ್ದ ತೆಗೆಯುವಾಗ ಎಲ್ಲರೂ ಎಡವುತ್ತಾರೆ: ಸುಮ್ಮನೆ ವರ್ಗ ಮಾಡಿ ಕೂಡಿದರೆ 1 − 1 = 0, ಉದ್ದವೇ ಇಲ್ಲದ ವೆಕ್ಟರ್! ಒಂದು ಕಡೆ ಕಾಂಜುಗೇಟ್ (ಐ ಇದ್ದಲ್ಲಿ −ಐ) ಹಾಕಿದರೆ 1 + 1 = 2; ವೆಕ್ಟರ್ ಮುಂದೆ 1/√2 ಬರುವುದು ಅದಕ್ಕೇ.

ಇಂಟಿಗ್ರೇಷನ್ ಪರವಾಗಿಲ್ಲ ಅಂದಿರಿ. ಗಾಸಿಯನ್ ಇಂಟಿಗ್ರಲ್ ಬಾಯಿಗೆ ಬರುತ್ತಾ? ಇ ಘಾತ −ಎಎಕ್ಸ್², ಎರಡೂ ಕಡೆ ಅನಂತದವರೆಗೆ, ಉತ್ತರ √(ಪೈ/ಎ). ಎಕ್ಸ್² ಗುಣಿಸಿಕೊಂಡು ಬಂದರೆ ಬೈ ಪಾರ್ಟ್ಸ್ ಅಂತ ಕೂರಬೇಡಿ. ಈ ಉತ್ತರವನ್ನೇ ಎ ಬಗ್ಗೆ ಡಿಫರೆನ್ಷಿಯೇಟ್ ಮಾಡಿ, ಚಿಹ್ನೆ ತಿರುಗಿಸಿದರೆ ಆಯ್ತು.

ಕರ್ಲ್_ಶೂನ್ಯ:
ಮೇಲಿನದಕ್ಕೆ ಒಪ್ಪಿಗೆ, ಆದರೆ ವೆಕ್ಟರ್ ಕ್ಯಾಲ್ಕುಲಸ್ ಬಿಟ್ಟರೆ ಎಲೆಕ್ಟ್ರೋಡೈನಮಿಕ್ಸ್ ಮೊದಲ ವಾರವೇ ಕೈಕೊಡುತ್ತೆ. ಸ್ಫೆರಿಕಲ್ ನಿರ್ದೇಶಾಂಕದಲ್ಲಿ ಮೇಲ್ಮೈ ತುಣುಕಿಗೆ ಗುಣಿಸಬೇಕಾದ ಸೈನ್ ಥೀಟಾ ಮರೆಯುವವರೇ ಹೆಚ್ಚು. ಪರೀಕ್ಷೆ ಸುಲಭ: ತ್ರಿಜ್ಯ 1ರ ಗೋಳದ ಮೇಲ್ಮೈ 12.57 ಬರಬೇಕು, 19.74 ಬಂದರೆ ಸೈನ್ ಬಿಟ್ಟಿದ್ದೀರಿ.

ಇನ್ನೊಂದು ಲೆಕ್ಕ: ಕೇಂದ್ರದಿಂದ ಹೊರಕ್ಕೆ ಚಿಮ್ಮುವ 1/ಆರ್² ಕ್ಷೇತ್ರದ ಡೈವರ್ಜೆನ್ಸ್ (ಒಂದೊಂದು ಬಿಂದುವಿನಿಂದ ಎಷ್ಟು ಹೊರಚಿಮ್ಮುತ್ತೆ ಅನ್ನೋ ಅಳತೆ) ತೆಗೆಯಿರಿ. ಸೊನ್ನೆ. ಕೇಂದ್ರದ ಸುತ್ತಲಿನ ಯಾವುದೇ ಗೋಳದ ಮೂಲಕ ಫ್ಲಕ್ಸ್ (ಒಟ್ಟು ಹೊರಹರಿವು)? 4 ಪೈ. ಒಳಗಿನ ಡೈವರ್ಜೆನ್ಸ್ ಕೂಡಿದರೆ ಫ್ಲಕ್ಸ್ ಬರಬೇಕು ಅನ್ನುವ ಗಾಸ್ ಪ್ರಮೇಯ ಸುಳ್ಳಾಯಿತೇ? ಇಲ್ಲ, ಆರ್ = 0 ಇರುವ ಕಡೆ ನಿಮ್ಮ ಸೂತ್ರ ಸೊನ್ನೆಯಿಂದ ಭಾಗಿಸಿದೆ. ಆ 4 ಪೈ ಪೂರ್ತಿ ಆ ಒಂದೇ ಬಿಂದುವಿನಲ್ಲಿ ಕೂತಿದೆ. ಡೆಲ್ಟಾ ಫಂಕ್ಷನ್ (ಒಂದು ಬಿಂದು ಬಿಟ್ಟು ಎಲ್ಲೆಡೆ ಸೊನ್ನೆ) ಬೇಕಾಗುವುದು ಇಲ್ಲೇ.

ಲೋಲಕ:
ಪೈಥಾನ್ ಕೇಳಿದ್ದಿರಿ. ಬೇಕು, ಒಂದು ವಾರ ಸಾಕು. 1 ಮೀಟರ್ ಲೋಲಕವನ್ನು 60 ಡಿಗ್ರಿಯಿಂದ ಬಿಡಿ. ಪಠ್ಯದ ಸಣ್ಣ ಕೋನದ ಸೂತ್ರ 2.01 ಸೆಕೆಂಡ್ ಅನ್ನುತ್ತೆ, ನಿಜವಾದ ಅವಧಿ 2.15. ಹಳೆಯ ವೇಗ ಬಳಸಿ ಕೋನ ಮುಂದೂಡಿದರೆ (ಸಾದಾ ಆಯ್ಲರ್) ಶಕ್ತಿ ತಾನೇ ಏರುತ್ತಾ ಹೋಗುತ್ತೆ, ಲೋಲಕ ದೆವ್ವ ಹೊಕ್ಕಂತೆ ಎತ್ತರೆತ್ತರಕ್ಕೆ ಆಡುತ್ತೆ. ಮೊದಲು ವೇಗ ಬದಲಿಸಿ, ಆ ಹೊಸ ವೇಗದಿಂದ ಕೋನ ಬದಲಿಸಿ. ಎರಡು ಸಾಲು ಅದಲುಬದಲು, ಅಷ್ಟೇ.

ಕ್ವಾಂಟಮ್ ಲೆಕ್ಕಕ್ಕೆ ಜೌಲ್ ಬಿಟ್ಟುಬಿಡಿ, ಇವಿ (ಎಲೆಕ್ಟ್ರಾನ್ ವೋಲ್ಟ್) ಹಿಡಿಯಿರಿ. ಎಚ್‌ಬಾರ್ (ಪ್ಲಾಂಕ್ ಸ್ಥಿರಾಂಕ ಭಾಗ 2 ಪೈ) ಗುಣಿಸು ಬೆಳಕಿನ ವೇಗ ಸಿ 197.3 ಇವಿ ನ್ಯಾನೊಮೀಟರ್, ಎಲೆಕ್ಟ್ರಾನ್‌ನ ಎಂಸಿ² 5,11,000 ಇವಿ. 1 ನ್ಯಾನೊಮೀಟರ್ ಉದ್ದದ ಪೆಟ್ಟಿಗೆಯಲ್ಲಿ ಸಿಕ್ಕಿಬಿದ್ದ ಎಲೆಕ್ಟ್ರಾನ್‌ನ ಕನಿಷ್ಠ ಶಕ್ತಿ ಇವೆರಡರಿಂದಲೇ ತೆಗೆಯಿರಿ, 0.376 ಇವಿ ಬರಬೇಕು.

ಹಿಂದಿನ_ಬೆಂಚು:
ಗೋಳ ಮಾಡಿ ನೋಡಿದೆ. 19.74 ಬಂತು 😅