ಹುಸೇನಪ್ಪ ಅನ್ನೋ ಹೆಸರು ಬಿಡಬೇಕಾ?

ನಮ್ಮದು ರಾಯಚೂರು ಜಿಲ್ಲೆ, ಲಿಂಗಸುಗೂರು ತಾಲ್ಲೂಕು. ಮನೆದೇವರು ಹನುಮಪ್ಪ, ನನ್ನ ಹೆಸರು ಹುಸೇನಪ್ಪ. ಮಕ್ಕಳಾಗದೆ ಅವ್ವ ಮುದಗಲ್ ಮೊಹರಂನಲ್ಲಿ ಹರಕೆ ಹೊತ್ತಿದ್ದಳು, ಅದಕ್ಕೇ ಈ ಹೆಸರು. ಬೆಂಗಳೂರಲ್ಲಿ ಬಾಡಿಗೆ ಮನೆ ಕೇಳಿದರೆ, ಹೆಸರು ಕೇಳಿದ ಕೂಡಲೇ 'ನೀವು ಯಾವ ಜನ?' ಅಂತಾರೆ. ಮಗನಿಗೂ ಅಪ್ಪನ ಹೆಸರಿನಿಂದ ತೊಂದರೆ, ಬದಲಿಸಿ ಅಂತಾಳೆ ಹೆಂಡತಿ. ನನಗೆ ಸಂಕಟ. ಏನು ಮಾಡಲಿ?

ಉತ್ತರ (ಕೊಪ್ಪಳದಿಂದ): ಬದಲಿಸಬೇಡ್ರಿ ಅಣ್ಣಾ. ನಮ್ಮ ಓಣಿಯಲ್ಲಿ ಮೌಲಪ್ಪ, ಫಕೀರಪ್ಪ ಎಲ್ಲಾ ಇದ್ದಾರೆ. ಮೊಹರಂನಲ್ಲಿ ಬೆಂಕಿ ಹಾಕೋ ಅಲಾಯಿ ಕುಣಿಗೆ ಗುದ್ದಲಿ ಹಾಕೋದು ನಮ್ಮ ಅಪ್ಪ. 680ರಲ್ಲಿ ಕರ್ಬಲಾದಲ್ಲಿ ಮಡಿದ, ಪ್ರವಾದಿ ಮುಹಮ್ಮದರ ಮೊಮ್ಮಗ ಹುಸೇನರ ಕಥೆಯನ್ನು ರಿವಾಯತ್ ಅನ್ನೋ ಮೊಹರಂ ಪದದಲ್ಲಿ ಕನ್ನಡದಲ್ಲೇ ಹಾಡ್ತೇವೆ. ಹಾಡುವಾಗ ನಮ್ಮ ದೊಡ್ಡಪ್ಪ ಇವತ್ತಿಗೂ ಅಳ್ತಾರೆ.

ಇನ್ನೊಬ್ಬರು: ನಾನು ಬದಲಿಸಿಕೊಂಡೆ. ಮನೆ ಸಿಕ್ತು. ಊರಿಗೆ ಹೋದಾಗ ಅಜ್ಜಿ ಹಳೇ ಹೆಸರಲ್ಲೇ ಕರೀತಾಳೆ, ಎದೆ ಚುರ್ ಅನ್ನುತ್ತೆ.

ಕೇಳಿದವರು: ಬದಲಿಸೋದಿಲ್ಲ. ಈ ಸಲ ಮಗನನ್ನು ಮುದಗಲ್‌ಗೆ ಕರ್ಕೊಂಡು ಹೋಗಿ ದೇವರಿಗೆ ಸಕ್ಕರೆ ಓದಿಸ್ತೀನಿ.