ಲ್ವಿವ್, ಲ್ವೂಫ್, ಲೆಂಬರ್ಗ್: ಅನುವಾದದಲ್ಲಿ ಯಾವ ಹೆಸರು?

ಪ್ರಶ್ನೆ: ನಾನು ಕನ್ನಡಿಸುತ್ತಿರುವ ಒಂದು ಕುಟುಂಬದ ನೆನಪುಗಳಲ್ಲಿ ಪಶ್ಚಿಮ ಉಕ್ರೇನಿನ ಒಂದೇ ಊರು ಲೆಂಬರ್ಗ್, ಲ್ವೂಫ್, ಲ್ವೋವ್, ಲ್ವಿವ್ ಎಂದು ನಾಲ್ಕು ಹೆಸರುಗಳಲ್ಲಿ ಬರುತ್ತದೆ. ಎಲ್ಲೆಡೆ ಒಂದೇ ಹೆಸರು ಬಳಸಬಹುದೇ? ನಾಳೆ ಹಸ್ತಪ್ರತಿ ಅಚ್ಚಿಗೆ ಹೋಗಬೇಕಿದೆ.

ಉತ್ತರ: ಬಳಸಬೇಡಿ. 1772ರಿಂದ 1918ರವರೆಗಿನ ಆಸ್ಟ್ರಿಯದ ಆಳ್ವಿಕೆಯಲ್ಲಿ ಅದು ಲೆಂಬರ್ಗ್, ಎರಡು ಮಹಾಯುದ್ಧಗಳ ನಡುವೆ ಪೋಲೆಂಡಿನ ಲ್ವೂಫ್, ಸೋವಿಯತ್ ಕಾಲದ ರಷ್ಯನ್ನಿನಲ್ಲಿ ಲ್ವೋವ್. ಅರ್ಥಶಾಸ್ತ್ರಜ್ಞ ಲುಡ್ವಿಗ್ ಫಾನ್ ಮೀಸೆಸ್ 1881ರಲ್ಲಿ ಲೆಂಬರ್ಗಿನಲ್ಲಿ ಹುಟ್ಟಿದರು, ಕಾದಂಬರಿಕಾರ ಸ್ಟಾನಿಸ್ಲಾವ್ ಲೆಮ್ 1921ರಲ್ಲಿ ಲ್ವೂಫಿನಲ್ಲಿ. ಆಡುವವರ ಬಾಯಲ್ಲಿ ಆಯಾ ಕಾಲದ ಹೆಸರಿರಲಿ, ನಿಮ್ಮ ಅಡಿಟಿಪ್ಪಣಿಯಲ್ಲಿ ಇಂದಿನ ಉಕ್ರೇನಿಯನ್ ಹೆಸರಾದ ಲ್ವಿವ್ ಎಂದಿರಲಿ.

ಲ್ಯಾಟಿನ್ನಿನಲ್ಲಿ ಊರಿಗೆ ಲಿಯೊಪೊಲಿಸ್ ಎಂಬ ಹೆಸರಿತ್ತು, ‘ಪೊಲಿಸ್’ ನಮ್ಮ ‘ಪುರ’ದ ದಾಯಾದಿ, ಆದ್ದರಿಂದ ‘ಸಿಂಹಪುರ’ ಎನ್ನೋಣ ಎಂದು ಇಲ್ಲಿ ಒಬ್ಬರು ಪಟ್ಟು ಹಿಡಿದಿದ್ದಾರೆ. ದಾಯಾದಿತನ ನಿಜ, ಸಲಹೆ ಮಾತ್ರ ಸಲ್ಲದು. 1256ರಲ್ಲಿ ಮೊದಲು ಉಲ್ಲೇಖಗೊಂಡ ಈ ಊರಿಗೆ ಅರಸ ದಾನಿಲೊ ಇಟ್ಟದ್ದು ಮಗ ಲೆವ್‌ನ ಹೆಸರನ್ನು. ‘ಲ್ವಿವ್’ ಎಂಬುದು ‘ಲೆವ್‌ನದು’ ಎಂಬರ್ಥದ ಸ್ವಾಮ್ಯವಾಚಕ. ‘ಲೆವ್’ ಎಂದರೆ ಸಿಂಹ, ಹಾಗಾಗಿ ಸಿಂಹವಿರುವುದು ಆ ಮಗನ ಹೆಸರಿನಲ್ಲಿ. ಸಿಂಹಪುರವೇ ಬೇಕೆನ್ನುವವರಿಗೆ ಸಿಂಗಪುರವಿದೆ.

‘ಲ್ವೋವ್’ ರಷ್ಯನ್ನರು ಹೇರಿದ್ದು, ಎಲ್ಲೆಡೆ ಅಳಿಸಿ ಎನ್ನುವ ಶುದ್ಧಿವಾದವೂ ಅರೆಬೆಂದದ್ದು. ಉಕ್ರೇನಿಯನ್ನಿನಲ್ಲಿ ಹಳೆಯ ಒಕಾರವು ವ್ಯಂಜನದಿಂದ ಮುಗಿಯುವ ಅಕ್ಷರದಲ್ಲಿ ಇಕಾರವಾಯಿತು, ಆ ವ್ಯಂಜನದ ಮುಂದೆ ಸ್ವರ ಬಂದಲ್ಲಿ ಒಕಾರವಾಗಿಯೇ ಉಳಿಯಿತು. ಹಾಗಾಗಿ ‘ಲ್ವಿವ್’ ಎನ್ನುವ ಅದೇ ಉಕ್ರೇನಿಗರು ಸಪ್ತಮಿಯಲ್ಲಿ ‘ಲ್ವೋವಿ’ ಎನ್ನುತ್ತಾರೆ. ಇಂದಿನ ಊರಿಗೆ ರಷ್ಯನ್ ರೂಪ ಬೇಡವೆಂಬುದನ್ನು ನಾನೂ ಒಪ್ಪುತ್ತೇನೆ, ಆದರೆ ಅದು ಅಲ್ಲಿನ ನಾಗರಿಕರ ಇಚ್ಛೆಗೆ ಕೊಡುವ ಮನ್ನಣೆಯೇ ಹೊರತು ಒಕಾರದ ಅಪರಾಧವಲ್ಲ.

ಬರವಣಿಗೆಯ ವಿಷಯ. ಉಕ್ರೇನಿಯನ್ನಿನ ಮೃದು ಲಕಾರವನ್ನು ತೋರಿಸಲೆಂದು ‘ಲ್ಯ್ವಿವ್’ ಎಂದು ಬರೆದರೆ ಓದುಗರ ನಾಲಿಗೆ ತೊಡರುತ್ತದೆ, ‘ಲ್ವಿವ್’ ಸಾಕು. ವಿಭಕ್ತಿ ಹಚ್ಚುವಾಗ ‘ಲ್ವಿವ್‌ನಲ್ಲಿ’ ಎಂದು ಅರ್ಧಾಕ್ಷರವನ್ನು ಜೋತುಬಿಡದೆ ‘ಲ್ವಿವಿನಲ್ಲಿ’ ಎಂದು ಬರೆಯಿರಿ. ಲಂಡನ್ನಿನಲ್ಲಿ, ಪ್ಯಾರಿಸ್ಸಿನಲ್ಲಿ ಎನ್ನುವವರಿಗೆ ಇದು ಹೊಸತೇನಲ್ಲ. ‘ಲ್ವೂಫ್’ಗೂ ಇದೇ ನಿಯಮ, ಪೋಲಿಷ್ ಕಾಗುಣಿತ ನೋಡಿ ‘ಲ್ವೌ’ ಎಂದು ಮಾತ್ರ ಬರೆಯಬೇಡಿ, ಅಲ್ಲಿನ ಕೊನೆಯ ವಕಾರದ ಉಚ್ಚಾರ ಫಕಾರ.